ಅಬ್ಬಾ ಬಣ್ಣ ಹೊಡೆದ ಸ್ಕೂಟರ್

ನಬೀಸಾಬರ ಕೈಗೆ ಒಂದು ಕೆಲಸ ಕೊಟ್ಟರೆ ಅದು ಮುಗಿಯುವ ಹೊತ್ತಿಗೆ ಕೊಟ್ಟವರ ಪ್ರಾಣ ಬಾಯಿಗೆ ಬಂದಿರುತ್ತದೆ. ನಬೀಸಾಬರು ನನ್ನ ತಂದೆ, ನನಗೆ ಅಬ್ಬಾ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಬಯ್ದು ಇನ್ನೊಬ್ಬರನ್ನು ಕರೆಸಬಹುದಿತ್ತು. ತಂದೆಯನ್ನು ಎಲ್ಲಿಂದ ಬದಲಿಸಲಿ?

ಅಬ್ಬಾ ಹದಿನೇಳನೆಯ ವಯಸ್ಸಿಗೆ ಮುಧೋಳದಿಂದ ಮುಂಬೈಗೆ ಬಂದವರು. ಬೈಕುಲ್ಲಾದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಉಕ್ಕಿನ ಕಪಾಟುಗಳಿಗೆ ಬಣ್ಣ ಹೊಡೆದರು. ಅವರು ಬಣ್ಣ ಹೊಡೆದ ಕಪಾಟಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತಂತೆ. ತಗಡಿನಲ್ಲಿ ಸಾಸಿವೆಯಷ್ಟು ತಗ್ಗಿದ್ದರೂ ಪುಟ್ಟಿ ಎಂಬ ಮೆತ್ತುವ ಹಿಟ್ಟು ತುಂಬಿ, ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ, ನುಣ್ಣಗಾಗುವ ತನಕ ಬಿಡುತ್ತಿರಲಿಲ್ಲ. ನನ್ನ ಅಕ್ಕ ಶಬ್ರೀನಳ ಮದುವೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರೆ ಇವರು ಉಡುಗೊರೆಗೆ ಬಂದ ಕಪಾಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಬೀಗರಿಗೆ ಕೇಳುವಂತೆ, "ಇದಕ್ಕ ಪ್ರೈಮರ್ ಹಾಕೇ ಇಲ್ಲ" ಅಂದರು. ನಾವು ನಾಚಿಕೆಯಿಂದ ನೆಲಕ್ಕಿಳಿದು ಹೋದೆವು. ಎರಡು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಅಂದಿನಿಂದ ಅಬ್ಬಾ ಮನೆಯಲ್ಲಿದ್ದಾರೆ, ಅಂದರೆ ನಮ್ಮ ಅಮ್ಮಿ ಹಜರತಬಿಯ ಅಡುಗೆಮನೆಯಲ್ಲಿದ್ದಾರೆ.

ನನ್ನ ಬಲಗಾಲಿಗೆ ಬಲವಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಯಿತು. ನಾವಿರುವುದು ವಿಕ್ರೋಳಿಯ ಗುಡ್ಡದ ಮೇಲೆ, ಸಾಲುಮನೆಗಳ ಚಾಳಿನಲ್ಲಿ. ನಾನು ಕೆಲಸ ಮಾಡುವುದು ಕಾಂಜೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ. ಹಿಂದೆ ಎರಡು ಪುಟ್ಟ ಚಕ್ರ ಕೂಡಿಸಿದ ಸ್ಕೂಟರ್ ಬಂದ ಮೇಲೆ ನನಗೆ ಯಾರ ಕೈಯೂ ಬೇಡವಾಯಿತು. ಬೆಳಿಗ್ಗೆ ಎಂಟೂವರೆಗೆ ಗುಡ್ಡ ಇಳಿದರೆ ಸಂಜೆ ಆರಕ್ಕೆ ಹತ್ತಿ ಬರುವವರೆಗೆ ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಈ ಸುಖ ಎಂಥದ್ದೆಂದು ಎರಡೂ ಕಾಲು ಗಟ್ಟಿ ಇದ್ದವರಿಗೆ ಹೇಳಿದರೆ ತಿಳಿಯುವುದಿಲ್ಲ.

ಆ ಸ್ಕೂಟರಿಗೆ ಈ ವರ್ಷ ಹದಿನೈದು ತುಂಬಿತು. ಆರ್‌ಟಿಓಗೆ ಒಯ್ದು ತೋರಿಸಿ ಪಾಸ್ ಮಾಡಿಸಿದರೆ ಇನ್ನೂ ಐದು ವರ್ಷ ಓಡಿಸಬಹುದು. ಪಾಸಾಗದಿದ್ದರೆ ಗುಜರಿ. ಮಳೆಗಾಲದ ನೀರು ಕುಡಿದು ಕುಡಿದು ಒಳಗಿನ ಚೌಕಟ್ಟಿಗೆ ತುಕ್ಕು ಹಿಡಿದಿತ್ತು. ಕಾಲಿಡುವ ಹಲಗೆ ಎತ್ತಿದರೆ ಕೆಂಪು ಪುಡಿ ಉದುರುತ್ತಿತ್ತು. ಪಕ್ಕದ ಖೋಲಿಯ ಕೊರಗಪ್ಪಣ್ಣ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುವವರು, ಕಾಂದಿವಲಿಯಲ್ಲಿ ಅವರಿಗೆ ಗುರುತಿನ ವರ್ಕ್‌ಶಾಪ್ ಇತ್ತು. "ನಾಲ್ಕು ದಿವಸದಲ್ಲಿ ಮಾಡಿ ಕೊಡ್ತಾರೆ" ಅಂದರು.

ಅಬ್ಬಾಗೆ ಅಷ್ಟು ಸಾಕಾಯಿತು.

"ಹೊರಗ ಕೊಟ್ರ ತುಕ್ಕಿನ ಮ್ಯಾಲೇ ಬಣ್ಣಾ ಬಳದು ಕೊಡ್ತಾರ. ಆರ್ ತಿಂಗಳಿಗೆ ಒಳಗಿಂದ ಮತ್ತ ತಿಂತದ. ನಾ ಇನ್ನೂ ಸತ್ತಿಲ್ಲ."

"ಎಷ್ಟು ದಿನಾ ಮಾಡ್ತೀರಿ ಅಬ್ಬಾ?" ಎಂದೆ.

"ನಾಕು ದಿನಾ."

ಇಪ್ಪತ್ತಮೂರು ದಿನ ಹಿಡಿಯಿತು. ಮೊದಲ ದಿನವೇ ಸ್ಕೂಟರಿನ ಮೈಯೆಲ್ಲ ಬಿಚ್ಚಿ ಎಲುಬಿನ ಗೂಡು ಮಾಡಿ ಬಾಗಿಲ ಮುಂದೆ ಇಟ್ಟರು. ತಂತಿ ಬ್ರಷ್ಷಿನಲ್ಲಿ ತಿಕ್ಕಿದರು, ತುಕ್ಕು ಕರಗಿಸುವ ಔಷಧ ಹಚ್ಚಿದರು, ತೊಳೆದರು, ಒಣಗಿಸಿದರು, ಅಡಿಬಣ್ಣವಾಗಿ ರೆಡ್ ಆಕ್ಸೈಡ್ ಬಳಿದರು. ಇಲ್ಲಿಗೆ ಆರು ದಿನ. ಬೇರೆಯವರಾದರೆ ಮೇಲೊಂದು ಕೈ ಕರಿ ಬಣ್ಣ ಹೊಡೆದು ಕೈ ತೊಳೆದುಕೊಳ್ಳುತ್ತಿದ್ದರು. ಅಬ್ಬಾ ಪುಟ್ಟಿಯ ಡಬ್ಬಿ ತೆಗೆದರು. ತುಕ್ಕು ತಿಂದ ಒಂದೊಂದು ತಗ್ಗಿಗೂ ತುಂಬಿದರು, ನೀರು ಹಾಕಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರು, ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದರು, ತಲೆ ಅಲ್ಲಾಡಿಸಿದರು, ಮತ್ತೆ ತುಂಬಿದರು. ಥಿನ್ನರಿನ ವಾಸನೆಗೆ ಇಡೀ ಸಾಲಿನವರಿಗೆ ತಲೆನೋವು. ಎದುರು ಮನೆಯ ಇಂದ್ರಾಬಾಯಿ ಒಣ ಹಾಕಿದ ಬಿಳಿ ಸೀರೆಯ ಮೇಲೆ ಕರಿ ಚುಕ್ಕೆ ಬಿದ್ದು, ಆಕೆಯ ಬಾಯಿ ಮುಚ್ಚಿಸಲು ಅಮ್ಮಿ ಎರಡು ದಿನ ಅವಳ ಮನೆಗೆ ಬಿಸಿ ರೊಟ್ಟಿ ಕಳಿಸಬೇಕಾಯಿತು.

"ನಬೀಸಾಬ್ರೆ, ಅದು ಗಾಡಿ ಮಾರಾಯ್ರೆ, ಮದುವೆಗೆ ಕೊಡುವ ಕಪಾಟಲ್ಲ" ಎಂದರು ಕೊರಗಪ್ಪಣ್ಣ. "ಒಳಗಿನ ಪೈಪು ಯಾರಿಗೆ ಕಾಣ್ತದೆ?"

"ಕಪಾಟಿನ ಹಿಂಬದೀನೂ ಯಾರಿಗೂ ಕಾಣೂದಿಲ್ಲ. ನಾ ಅದಕ್ಕೂ ಎರಡ್ ಕೈ ಹೊಡೀತಿದ್ದೆ."

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಗಾಡಿ ಇಲ್ಲದ ಇಪ್ಪತ್ತಮೂರು ದಿನವೂ ನನ್ನನ್ನು ಲ್ಯಾಬಿಗೆ ಮುಟ್ಟಿಸುವ ಕೆಲಸವನ್ನೂ ಅವರೇ ಹಿಡಿದರು. ಬೇಡವೆಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ ಹತ್ತಿದ ಕೂಡಲೇ ಇಡೀ ಬಸ್ಸಿಗೆ ಕೇಳುವಂತೆ ಹಿಂದಿಯಲ್ಲಿ, "ಲಡ್ಕೀ ಕಾ ಪೈರ್ ಠೀಕ್ ನಹೀ ಹೈ, ಜಗಹ್ ದೋ", ಹುಡುಗಿಯ ಕಾಲು ಸರಿಯಿಲ್ಲ, ಜಾಗ ಕೊಡಿ, ಎನ್ನುವರು. ಐವತ್ತು ಕಣ್ಣು ನನ್ನ ಕಾಲಿನ ಮೇಲೆ. ಲ್ಯಾಬ್ ತಲುಪಿದ ಮೇಲೆ ಮನೆಗಾದರೂ ಹೋಗುವರೇ? ಇಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಸಕ್ಕರೆ ಕಾಯಿಲೆಯವರಿಗೆ ಮೆಂತ್ಯದ ಉಪದೇಶ ಮಾಡುವರು. ಮಧ್ಯಾಹ್ನ ನಾನು ಊಟ ಬಿಚ್ಚಿದರೆ ಎದುರಿಗೆ ಬಂದು ಕೂರುವರು. ಬಣ್ಣದ ಕೆಲಸಕ್ಕೆ ಉಳಿಯುತ್ತಿದ್ದುದು ಸಂಜೆಯ ಒಂದು ಗಂಟೆ ಮಾತ್ರ. ಅವರು ಚಹಾಕ್ಕೆ ಎದ್ದು ಹೋದರೂ, ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಲಾವಣ್ಯಾ, "ಅಂಕಲ್ ಇವತ್ತು ಬಂದಿಲ್ವಾ?" ಎಂದು ಕೇಳುವಷ್ಟು ಅಭ್ಯಾಸವಾಯಿತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಕೊನೆಗೂ ಗಾಡಿ ಕೂಡಿತು. ಸುಳ್ಳು ಹೇಳಬಾರದು, ಚೌಕಟ್ಟು ಹೊಸದರಂತೆ ಹೊಳೆಯುತ್ತಿತ್ತು. ಅಬ್ಬಾ ಇಸ್ತ್ರಿ ಅಂಗಿ ಹಾಕಿಕೊಂಡು ಆರ್‌ಟಿಓಗೆ ನನ್ನ ಹಿಂದೆ ಕೂತು ಬಂದರು. ಇನ್‌ಸ್ಪೆಕ್ಟರ್ ಬ್ರೇಕ್ ನೋಡಿದರು, ದೀಪ ನೋಡಿದರು, ಪಕ್ಕದ ಚಕ್ರ ಅಲ್ಲಾಡಿಸಿ ನೋಡಿದರು. ಹಲಗೆ ಎತ್ತಿ ಟಾರ್ಚ್ ಬಿಟ್ಟರು. ಆಮೇಲೆ ಎದ್ದು ನಿಂತು ಕೇಳಿದರು.

"ಚಾಸಿ ನಂಬರ್ ಕುಠೆ ಆಹೆ?" ಎಲ್ಲಿದೆ ಎಂದು, ಮರಾಠಿಯಲ್ಲಿ.

ಚಾಸಿ ನಂಬರ್ ಎಂದರೆ ಕಂಪನಿಯವರು ಚೌಕಟ್ಟಿನ ಪೈಪಿನ ಮೇಲೆ ಕೊರೆದ ಹದಿನೇಳು ಅಕ್ಷರ ಅಂಕಿಗಳು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅದಿಲ್ಲದಿದ್ದರೆ ಗಾಡಿ ನನ್ನದೆನ್ನುವುದಕ್ಕೆ ಗುರುತೇ ಇಲ್ಲ. ಬಗ್ಗಿ ನೋಡಿದೆ. ಪೈಪು ಕನ್ನಡಿಯಂತಿತ್ತು. ನನ್ನ ಮೂಗು ಕಾಣುತ್ತಿತ್ತು, ನಂಬರ್ ಕಾಣುತ್ತಿರಲಿಲ್ಲ.

ಅಬ್ಬಾ ಕಡೆ ತಿರುಗಿದೆ. ಅವರ ಮುಖ ಸುಣ್ಣವಾಗಿತ್ತು.

"ಸಣ್ಣ ಸಣ್ಣ ತಗ್ಗು ಇದ್ದೂವು" ಎಂದರು ಮೆಲ್ಲಗೆ. "ತುಕ್ಕು ತಿಂದಾವು ಅಂದ್ಕೊಂಡೆ. ತುಂಬಿಬಿಟ್ಟೆ."

ಕಪಾಟಿಗೆ ನಂಬರ್ ಇರುವುದಿಲ್ಲ. ಮೂವತ್ತನಾಲ್ಕು ವರ್ಷ ಕೈಗೆ ಸಿಕ್ಕ ತಗ್ಗನ್ನೆಲ್ಲ ತುಂಬಿದ ಮನುಷ್ಯ, ನನ್ನ ಗಾಡಿಯ ಹೆಸರನ್ನೂ ತುಂಬಿ ಉಜ್ಜಿ ಬಣ್ಣ ಹೊಡೆದಿದ್ದರು. ಇನ್‌ಸ್ಪೆಕ್ಟರ್ ಒಳ್ಳೆಯವರು, ಕಳ್ಳ ಗಾಡಿ ಎನ್ನಲಿಲ್ಲ. ಎಂಟು ದಿನ ಕೊಟ್ಟರು. ನಂಬರ್ ಹೊರಗೆ ಬಂದರೆ ಪಾಸ್, ಒಂದು ಅಂಕಿ ಕೆಟ್ಟಿದ್ದರೂ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ಮನೆಗೆ ಬಂದು ನಾನು ಬಾಯಿಗೆ ಬಂದಂತೆ ಬಯ್ದೆ. "ನಿಮಗ ಮಾಡಾಕ ಕೆಲಸ ಇಲ್ಲ ಅಂತ ನನ್ನ ಗಾಡಿ ಯಾಕ ಹಾಳ್ ಮಾಡಿದ್ರಿ? ನಾ ಕೇಳಿದ್ನೇನು ಕನ್ನಡಿ ಮಾಡಿ ಕೊಡ್ರಿ ಅಂತ? ಇನ್ನ ಜಿಂದಗಿ ಪೂರಾ ಬಸ್ಸಿನ್ಯಾಗ ನನ್ನ ಕಾಲಿಂದ ಡಂಗುರಾ ಹೊಡೀರಿ."

ಅಮ್ಮಿ, "ಸಾಕು, ಬಸ್ ಮಾಡು ದಿಲನಾಜ" ಎಂದಳು. ಅಬ್ಬಾ ಹೊರಗೆ ಹೋಗಿ ಗಾಡಿಯ ಹಲಗೆ ಬಿಚ್ಚತೊಡಗಿದರು. ತಿರುಗಿ ಬಯ್ಯಬಹುದಿತ್ತು. ಬಯ್ದಿದ್ದರೆ ನನಗೂ ಹಗುರಾಗುತ್ತಿತ್ತು.

ಮರುದಿನ ನಾನು ಆಟೋದಲ್ಲಿ ಒಬ್ಬಳೇ ಹೋದೆ. ಸಂಜೆ ಬರುವಾಗ ಅವರು ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದರು. ಕೊರಗಪ್ಪಣ್ಣ ಬ್ಲೇಡ್ ಕೊಡಲು ಬಂದರೆ, ಕಬ್ಬಿಣ ತಾಗಿದರೆ ಅಂಕಿ ಗೀರಿಹೋಗುತ್ತದೆ ಎಂದು ವಾಪಸು ಕಳಿಸಿದ್ದರಂತೆ. ಬಟ್ಟೆಯನ್ನು ಥಿನ್ನರಿನಲ್ಲಿ ನೆನೆಸಿ ಇಡುವುದು, ಬಿದಿರಿನ ಕಡ್ಡಿಯಿಂದ ಕೆದಕುವುದು, ಹತ್ತಿಯಿಂದ ಒರೆಸುವುದು. ಮೊದಲ ದಿನ ಎರಡು ಅಕ್ಷರ ಬಂದವು. ತಾವೇ ತುಂಬಿದ್ದು ಅಷ್ಟು ಗಟ್ಟಿಯಾಗಿ ಕೂತಿತ್ತು. ಐದನೆಯ ದಿನಕ್ಕೆ ಹದಿನಾರು ಬಂದವು. ಹದಿನೇಳನೆಯದು ಮೂರೋ ಎಂಟೋ ತಿಳಿಯಲಿಲ್ಲ. ಗಾಡಿಯ ಆರ್‌ಸಿ ಪುಸ್ತಕದಲ್ಲಿ ಎಂಟು ಎಂದಿತ್ತು. ಅದರ ಎಡಬದಿಯನ್ನು ನಿಜವಾಗಿಯೂ ತುಕ್ಕು ತಿಂದಿತ್ತು.

"ಗೀರಿ ಎಂಟು ಮಾಡಿಬಿಡ್ರಿ" ಎಂದೆ.

"ಇಲ್ಲವ್ವಾ" ಎಂದರು. "ಅಲ್ಲಿ ಇದ್ದದ್ದು ಬರಬೇಕು. ನಾ ಬರದ್ರ ಅದು ಖೋಟಾ."

ಇನ್ನೆರಡು ದಿನ ಅದೊಂದೇ ಅಂಕಿಗೆ ಕೂತರು. ನಾನು ನೋಡಲು ಹೋಗಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಎಂಟನೆಯ ದಿನ ಮತ್ತೆ ಆರ್‌ಟಿಓ. ಇನ್‌ಸ್ಪೆಕ್ಟರ್ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಬೂದು ಬಣ್ಣದ ನಡುವೆ ಬಿಳಿ ಅಕ್ಷರಗಳು ಒಂದೊಂದೇ ಎದ್ದವು. ನಾನು ಎಣಿಸಿದೆ. ಹದಿನಾರು. ಆಮೇಲೆ ತುದಿಯಲ್ಲಿ, ಎಡಕ್ಕೆ ಕೂದಲೆಳೆಯಷ್ಟು ತೆಳ್ಳಗೆ, ಎರಡು ಸೊನ್ನೆ ಸೇರಿದ ಎಂಟು. ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಪುಸ್ತಕ ನೋಡಿದರು, ಸಹಿ ಹಾಕಿದರು. ಆ ಜಾಗಕ್ಕೆ ಬಣ್ಣ ಮುಟ್ಟಿಸಬೇಡಿ, ಎಣ್ಣೆ ಸವರಿ ಇಡಿ ಎಂದು ಅಬ್ಬಾಗೆ ಹೇಳಿದರು.

ಹೊರಗೆ ಬಂದೆವು. ನನಗೆ ನಗು ತಡೆಯಲಾಗಲಿಲ್ಲ, ಒಂದು ತಿಂಗಳಲ್ಲಿ ಮೊದಲ ಸಲ ನಕ್ಕೆ. ಅಬ್ಬಾ ಮಾತ್ರ ನಗಲಿಲ್ಲ. ಗಾಡಿಯ ಪಕ್ಕ ನಿಂತು ಹತ್ತಲೂ ಇಲ್ಲ.

"ಪಾಸ್ ಆತಲ್ಲ ಅಬ್ಬಾ, ಇನ್ನ್ಯಾಕ ಹಿಂಗ ನಿಂತೀರಿ?"

"ಖುಷಿ ಆತವಾ" ಎಂದರು. ಸ್ವಲ್ಪ ಹೊತ್ತು ಸೀಟು ಒರೆಸಿದರು. ಅದರ ಮೇಲೆ ಧೂಳೂ ಇರಲಿಲ್ಲ. "ಮುಂಜಾನೆ ಎದ್ದು, ಅಂಗಿ ಹಾಕ್ಕೊಂಡು, ಬಸ್ಸಿಗೆ ನಿಂದ್ರತಿದ್ನಲ್ಲ, ಡ್ಯೂಟಿಗೆ ಹೊಂಟಂಗ ಅನಸ್ತಿತ್ತು. ನಾಳಿಂದ ನಾ ಎಲ್ಲಿ ಹೋಗ್ಲಿ, ದಿಲ್ಲೂ?"

ನಾಲ್ಕು ದಿನದ ಕೆಲಸ ಇಪ್ಪತ್ತಮೂರು ದಿನ ಯಾಕೆ ಹಿಡಿಯಿತೆಂದು ಆಗ ನನಗೆ ತಿಳಿಯಿತು. ಮೈಯೆಲ್ಲ ಉರಿಯಿತು. ನನ್ನ ಜೊತೆ ಬನ್ನಿ ಅಬ್ಬಾ ಎಂದುಬಿಡಬಹುದಿತ್ತು. ಹಿಂದಿನ ಸೀಟು ಖಾಲಿಯೇ ಇರುತ್ತದೆ, ಲ್ಯಾಬಿನವರಾರೂ ಬೇಡವೆನ್ನುತ್ತಿರಲಿಲ್ಲ.

ಎನ್ನಲಿಲ್ಲ. ನನಗೆ ಒಬ್ಬಳೇ ಹೋಗಬೇಕಿತ್ತು.

"ಹತ್ರಿ ಅಬ್ಬಾ, ಮನೀಗ್ ಹೋಗೂಣು" ಎಂದೆ. ಅವರು ಹತ್ತಿ ಕೂತರು.