ಕಟ್ಟುವವನೂ ಇಲ್ಲೇ, ಬಿಚ್ಚುವವನೂ ಇಲ್ಲೇ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂದರಿನ ಗೋದಾಮಿನ ಹೊರಗೋಡೆಗೆ ಒರಗಿ, ಐವತ್ತೈದು ದಾಟಿದ ಒಬ್ಬರು ಹಗ್ಗದ ತುಂಡುಗಳ ರಾಶಿಯ ಮುಂದೆ ಕುಳಿತಿದ್ದಾರೆ. ಒಂದು ತುಂಡನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಗಂಟನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿ, ಚೂಪು ಕಬ್ಬಿಣದ ಕಡ್ಡಿ ತೂರಿಸಿ ಬಿಡಿಸುತ್ತಾರೆ. ಬಿಡಿಸಿದ್ದನ್ನು ನೇರ ಮಾಡಿ ಬಲಕ್ಕೆ ಇಡುತ್ತಾರೆ. ಮತ್ತೊಂದನ್ನು ಎತ್ತಿಕೊಳ್ಳುತ್ತಾರೆ. ಹೆಂಡತಿ ಚಹಾ ತಂದಿಟ್ಟು ಎಷ್ಟೋ ಹೊತ್ತಾಗಿದೆ, ಲೋಟದ ಮೇಲೆ ಕೆನೆ ಕಟ್ಟಿದೆ. ಆಕೆಯೂ ಪಕ್ಕದಲ್ಲಿ ಕುಳಿತು ಒಂದು ತುಂಡನ್ನು ಕೈಗೆತ್ತಿಕೊಳ್ಳುತ್ತಾರೆ.

ಪ್ರತಿ ತುಂಡಿನ ಎರಡೂ ತುದಿ ಚಾಕುವಿನಿಂದ ಕೊಯ್ದದ್ದು. ನಡುವಿನ ಗಂಟು ಮಾತ್ರ ಕಟ್ಟಿದ ಹಾಗೇ ಇದೆ, ಕಲ್ಲಿನಷ್ಟು ಬಿಗಿಯಾಗಿ. ಅದನ್ನು ಕಟ್ಟಿದ್ದು ಇವರೇ.

ಬಂದರಿನಲ್ಲಿ ಎಲ್ಲರೂ ಇವರನ್ನು ಗಂಟಣ್ಣ ಎನ್ನುತ್ತಾರೆ. ಹಡಗಿಗೆ ಏರಿಸಿದ ಸರಕು ಅಲೆಗೆ ಜಾರದಂತೆ ಹಗ್ಗ ಬಿಗಿಯುವುದು ಇವರ ಕೆಲಸ. ಕ್ರೇನು ನಡೆಸುವವನನ್ನು ದೂರದಿಂದಲೇ ಗುರುತಿಸಬಹುದು, ಮೂಟೆ ಹೊರುವವರನ್ನು ಹೆಗಲು ನೋಡಿ ಹೇಳಬಹುದು. ಗಂಟಣ್ಣನ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಸರಕು ಹೋದ ಹಾಗೆ ತಲುಪಿದರೆ ಯಾರೂ ಹಗ್ಗವನ್ನು ನೆನೆಯುವುದಿಲ್ಲ. ಅವರ ಎಡಗೈಯ ಕಿರುಬೆರಳು ಮಡಚುವುದಿಲ್ಲ. ಒದ್ದೆ ಹಗ್ಗವೊಂದು ಎಂದೋ ಅದನ್ನು ಸೆಳೆದುಕೊಂಡಿತ್ತಂತೆ. "ಚಹಾ ಕುಡಿಯೋವಾಗ ತಾನಾಗೇ ಎದ್ದು ನಿಲ್ಲುತ್ತಲ್ಲಾ, ನೋಡಿದೋರು ನನ್ನನ್ನ ದೊಡ್ಡ ಮನೆಯವನು ಅಂದ್ಕೋತಾರೆ" ಎಂದು ನಗುತ್ತಾರೆ. ಇತ್ತೀಚೆಗೆ ಅವರು ನಕ್ಕದ್ದು ಅದೊಂದೇ ಸಲ.

ಈ ಕೆಲಸ ಒಬ್ಬರದಲ್ಲ, ಇಬ್ಬರದು. ಈ ಬಂದರಿನಲ್ಲಿ ಕಟ್ಟುವವನೊಬ್ಬ, ಬಿಚ್ಚುವವನೊಬ್ಬ ಎಂದು ಜೋಡಿ ಇರುತ್ತದೆ. ಕಟ್ಟುವವನು ದಡದಲ್ಲೇ ಉಳಿಯುತ್ತಾನೆ. ಬಿಚ್ಚುವವನು ಹಡಗಿನ ಜೊತೆ ದ್ವೀಪಕ್ಕೆ ಹೋಗಿ, ಸರಕು ಇಳಿಸಿಕೊಟ್ಟು, ಅದೇ ಹಡಗಿನಲ್ಲಿ ಮರಳುತ್ತಾನೆ. ಗಂಟಣ್ಣನ ಜೋಡಿ ಅವರ ಹೆಂಡತಿಯ ತಮ್ಮ. ಅವರಿಗೆ ಬಂದರು ಇಟ್ಟ ಹೆಸರು ಬಿಚ್ಚಣ್ಣ. ಹಗ್ಗದ ಬಾಲ, ಅಂದರೆ ಎಳೆದರೆ ಗಂಟು ಸಡಿಲವಾಗುವ ತುದಿ, ಹೊರಗೆ ಕಾಣುವಂತೆ ಇರುವುದಿಲ್ಲ. ಹೊರಗಿದ್ದರೆ ಅಲೆ ಬಡಿದು ಬಡಿದು ತಾನೇ ಜಾರುತ್ತದೆ. ಹಾಗಾಗಿ ಗಂಟಣ್ಣ ಅದನ್ನು ಸರಕಿನ ಅಡಿಗೆ ತುರುಕುತ್ತಾರೆ. ಎಲ್ಲಿ ತುರುಕಿದ್ದಾರೆ ಎಂಬುದು ಬಿಚ್ಚಣ್ಣನ ಕೈಗೆ ಗೊತ್ತು. ಹಡಗು ಜೆಟ್ಟಿಗೆ ಒರಗಿದ ಮೇಲೆ ದಡದ ಬದಿಯ ಗಂಟನ್ನು ಮೊದಲು ಸಡಿಲಿಸಬೇಕು. ಸಮುದ್ರದ ಬದಿಯದನ್ನು ಕಟ್ಟಕಡೆಗೆ ಮುಟ್ಟಬೇಕು.

"ನಮ್ಮ ಭಾವ ಮನೇಲಿ ನನ್ನ ಮಾತು ಒಂದೂ ಕೇಳಲ್ಲ. ಆದ್ರೆ ಬಾಲ ಎಲ್ಲಿಟ್ಟಿದ್ದೀನಿ ಅನ್ನೋದನ್ನ ನನಗೆ ಮಾತ್ರ ಹೇಳ್ತಾನೆ" ಎನ್ನುತ್ತಾರೆ ಬಿಚ್ಚಣ್ಣ.

"ಹೇಳಲ್ಲ ಕಣೋ, ನೀನೇ ಹುಡುಕ್ಕೋತೀಯ" ಎನ್ನುತ್ತಾರೆ ಗಂಟಣ್ಣ.

ಚಂಡಮಾರುತ ದ್ವೀಪದ ಮೇಲೆ ಹಾದುಹೋದ ದಿನ ಇಲ್ಲಿಯೂ ಗಾಳಿ ಹುಚ್ಚೆದ್ದಿತ್ತು. ದ್ವೀಪಕ್ಕೆ ಸರಕು ಒಯ್ಯುತ್ತಿದ್ದ ನಮ್ಮ ಒಂದೇ ಒಂದು ಹಡಗು ಲಂಗರು ಕಿತ್ತುಕೊಂಡು ಬಂದರಿನ ಬಾಯಲ್ಲಿರುವ ಬಂಡೆಗೆ ಬಡಿಯಿತು. ಈಗಲೂ ಅಲ್ಲೇ ಮಗ್ಗುಲಾಗಿ ಮಲಗಿದೆ. ದ್ವೀಪದಲ್ಲಿ ಮನೆಗಳ ಚಾವಣಿ ಹಾರಿವೆ, ಬಾವಿಗಳಿಗೆ ಉಪ್ಪುನೀರು ನುಗ್ಗಿದೆ, ಜೆಟ್ಟಿಯ ಕ್ರೇನು ಉರುಳಿಬಿದ್ದಿದೆ. ಗಂಟಣ್ಣನ ಒಬ್ಬಳೇ ಮಗಳು ಅಲ್ಲಿದ್ದಾಳೆ. ಬಾಣಂತಿ.

ನೀರು, ಔಷಧಿ, ಟಾರ್ಪಾಲು ಎಲ್ಲವೂ ಬೇಗನೆ ಬಂದು ಗೋದಾಮು ತುಂಬಿತು. ಒಯ್ಯಲು ಹಡಗಿರಲಿಲ್ಲ. ಹಾಗೆಂದು ಹಡಗುಗಳೇ ಇರಲಿಲ್ಲವೆಂದಲ್ಲ. ಬೇರೆ ದೇಶದ ಹಡಗೊಂದು ಗೋಧಿ ಇಳಿಸಿ, ಹೊಟ್ಟೆ ಬರಿದು ಮಾಡಿಕೊಂಡು ಕಣ್ಣೆದುರಿಗೇ ನಿಂತಿತ್ತು. ಆದರೆ ನಮ್ಮ ಬಂದರಿನಿಂದ ನಮ್ಮ ದ್ವೀಪಕ್ಕೆ ಸರಕು ಒಯ್ಯಬೇಕಾದರೆ ನಮ್ಮ ಬಾವುಟದ ಹಡಗೇ ಆಗಬೇಕು ಎಂಬುದು ಹಳೆಯ ಕಾನೂನು. ನಮ್ಮ ಹಡಗಿನವರ ಅನ್ನ ಹೊರಗಿನವರ ಪಾಲಾಗಬಾರದೆಂದು ಮಾಡಿದ್ದು. ಗಂಟಣ್ಣನೂ ಆ ಅನ್ನ ಉಂಡವರೇ. ಇವರ ವಿಷಯ ಬರೆಯಲು ಬಂದ ನನಗೆ ಅವರೇ ಹೇಳುತ್ತಾರೆ:

"ಆ ಕಾನೂನು ಬೇಕು ಅಂತ ಗೇಟಿನ ಮುಂದೆ ಕೂಗಿದವನು ನಾನೇ ಕಣಮ್ಮ. ತಪ್ಪು ಅಂತ ಈಗ್ಲೂ ಅನ್ಸಲ್ಲ. ಆದ್ರೆ ಮಗಳು ಅಲ್ಲಿ ಒಣಗ್ತಿದ್ದಾಳೆ, ಇಲ್ಲಿ ಖಾಲಿ ಹಡಗು ತೂಗಾಡ್ತಾ ನಿಂತಿದೆ. ಅದನ್ನ ನೋಡ್ತಾ ಕೈ ಕಟ್ಟಿ ಕೂರೋದಿದೆಯಲ್ಲ, ಅದು ಯಾರಿಗೂ ಬೇಡ."

ಕೊನೆಗೆ ಮೇಲಿನಿಂದ ಆದೇಶ ಬಂತು. ಸ್ವಲ್ಪ ದಿನಗಳ ಮಟ್ಟಿಗೆ ಕಾನೂನು ಸಡಿಲ, ಹೊರಗಿನ ಹಡಗೂ ದ್ವೀಪಕ್ಕೆ ಹೋಗಬಹುದು. ಬಂದರಿನಲ್ಲಿ ಹಬ್ಬದಂಥ ಗದ್ದಲವೆದ್ದಿತು. ದ್ವೀಪದಲ್ಲಿ ಕ್ರೇನಿಲ್ಲದ್ದರಿಂದ ಹಡಗಿನ ಹೊಟ್ಟೆಗೆ ಹಾಕಿದ್ದನ್ನು ಅಲ್ಲಿ ಎತ್ತುವಂತಿರಲಿಲ್ಲ. ಎಲ್ಲವನ್ನೂ ಮೇಲಿನ ಡೆಕ್ಕಿನಲ್ಲೇ ಜೋಡಿಸಿ, ಅಲ್ಲಿ ಕೈಯಿಂದಲೇ ಇಳಿಸಬೇಕಿತ್ತು. ಎಂದರೆ ಇಡೀ ಭಾರ ಹಗ್ಗದ ಮೇಲೆ. ಗಂಟಣ್ಣ ಊಟಕ್ಕೂ ಇಳಿಯದೆ ಕಟ್ಟಿದರು. ಬಿರುಸು ಸಮುದ್ರಕ್ಕೆಂದು ಗಂಟಿನ ಮೇಲೆ ಗಂಟು ಹಾಕಿ, ಬಾಲವನ್ನು ನೀರಿನ ಡ್ರಮ್ಮುಗಳ ಅಡಿಗೆ ತುರುಕಿದರು.

ಹಡಗು ಬಿಡುವ ಹೊತ್ತಿಗೆ ಬಿಚ್ಚಣ್ಣ ಏಣಿ ಹತ್ತಲು ಹೋದಾಗ ಬಂದರಿನ ಅಧಿಕಾರಿ ತಡೆದರು. ಆದೇಶದಲ್ಲಿ ಸಡಿಲಿಕೆ ಇರುವುದು ಸರಕಿಗೆ, ಜನಕ್ಕಲ್ಲ. ಹೊರಗಿನ ಹಡಗು ಇಲ್ಲಿಂದ ಅಲ್ಲಿಗೆ ಒಬ್ಬ ಮನುಷ್ಯನನ್ನೂ ಕರೆದೊಯ್ಯುವಂತಿಲ್ಲ. ಬಿಚ್ಚಣ್ಣ ಕೆಳಗಿಳಿದರು. ಗಂಟಣ್ಣ ಅವರನ್ನು ನೋಡಿದರು. ನೋಡಿಯೂ ಏನೂ ಹೊಳೆಯಲಿಲ್ಲ.

"ಇವನು ನನ್ನ ಪಕ್ಕದಲ್ಲೇ ನಿಂತಿದ್ದ. ಹಡಗು ಹೊರಟಿತಲ್ಲಾ ಅನ್ನೋ ಖುಷೀಲಿ ನಾನು ಚಪ್ಪಾಳೆ ಹೊಡೀತಿದ್ದೆ. ಇಷ್ಟು ವರ್ಷ ಕಟ್ಟಿದ್ದೀನಿ, ಬಿಚ್ಚೋನು ಮೇಲಿಲ್ಲ ಅನ್ನೋದೇ ತಲೆಗೆ ಬರ್ಲಿಲ್ಲ. ಮನೆಗೆ ಹೋಗಿ ಕೈ ತೊಳೀವಾಗ ಹೊಳೀತು."

ಓಡಿಬಂದು ಅಧಿಕಾರಿಗೆ ಹೇಳಿದರು. ಅಧಿಕಾರಿ ಒಳ್ಳೆಯವರೇ. ವೈರ್‌ಲೆಸ್‌ನಲ್ಲಿ ಹಡಗಿಗೆ ತಿಳಿಸಿದರು, ಆ ಕಡೆಯಿಂದ ಸರಿ ಎಂಬ ಉತ್ತರವೂ ಬಂತು. ಏನು ಅರ್ಥವಾಗಿ ಸರಿ ಎಂದರೋ ಗೊತ್ತಿಲ್ಲ.

ದ್ವೀಪ ತಲುಪಿದ ಮೇಲೆ ನಾವಿಕರು ಬಾಲ ಹುಡುಕಿದ್ದಾರೆ, ಸಿಕ್ಕಿಲ್ಲ. ಜೆಟ್ಟಿಯ ಮೇಲೆ ಜನ ಕಾಯುತ್ತಿದ್ದರು. ಅವಸರದಲ್ಲಿ ಚಾಕು ತೆಗೆದು ಎಟುಕಿದ ಕಡೆ ಕೊಯ್ದರು. ಎಟುಕಿದ್ದು ಸಮುದ್ರದ ಬದಿ. ಹಡಗು ಒಮ್ಮೆ ಹೊಯ್ದಾಡಿದ್ದೇ ತಡ, ಕುಡಿಯುವ ನೀರಿನ ಡ್ರಮ್ಮುಗಳ ಸಾಲಿಗೆ ಸಾಲೇ ಜಾರಿ ಸಮುದ್ರಕ್ಕೆ ಬಿತ್ತು. ಉಳಿದದ್ದನ್ನು ಇಳಿಸಿ ಹಡಗು ಮರಳಿತು. ಕೊಯ್ದ ಹಗ್ಗವನ್ನು ನಾವಿಕರು ಒಂದು ಗೋಣಿಯಲ್ಲಿ ತುಂಬಿ ಇಲ್ಲಿನ ಜೆಟ್ಟಿಯ ಮೇಲೆ ಇಟ್ಟರು. ಮೇಸ್ತ್ರಿ ಅದನ್ನು ಕಸಕ್ಕೆ ಹಾಕಿಸಲು ಹೊರಟಾಗ ಗಂಟಣ್ಣ ಬಿಡಲಿಲ್ಲ.

ಆ ರಾಶಿಯನ್ನೇ ಈಗ ಗಂಡ ಹೆಂಡತಿ ಬಿಡಿಸುತ್ತಿರುವುದು. ಇಷ್ಟು ಮೋಟು ಹಗ್ಗ ಯಾವುದಕ್ಕೂ ಬಾರದು. "ಸುಮ್ನೆ ಕೂರೋಕಾಗಲ್ಲ" ಎಂದಷ್ಟೇ ಹೇಳುತ್ತಾರೆ.

ಮಗಳ ದನಿ ಕೇಳಿದ್ದು ಒಮ್ಮೆ ಮಾತ್ರ. ಪರಿಹಾರ ತಂಡದವರ ಫೋನಿನಲ್ಲಿ ಒಬ್ಬೊಬ್ಬರಿಗೆ ಎರಡು ಮಾತಾಡಲು ಬಿಟ್ಟಿದ್ದರಂತೆ. ಮಗು ಹೇಗಿದೆ ಎಂದು ತಾಯಿ ಕೇಳುವಷ್ಟರಲ್ಲಿ ಮಗಳೇ ಅಪ್ಪನನ್ನು ಕೇಳಿದಳು. ಆ ಮಾತನ್ನು ಗಂಟಣ್ಣ ಹೇಳುವುದಿಲ್ಲ, ಹೆಂಡತಿ ಹೇಳುತ್ತಾರೆ.

"ಡ್ರಮ್ಮು ಬೀಳೋವಾಗ ಅವಳು ಅಲ್ಲೇ ಸಾಲಲ್ಲಿ ನಿಂತಿದ್ದಳಂತೆ, ಮಗೂನ ಎತ್ಕೊಂಡು. 'ಅಪ್ಪಾ, ಅದು ನಿನ್ನ ಗಂಟೇ ಅಲ್ವಾ? ದೂರದಿಂದ್ಲೇ ಗೊತ್ತಾಯ್ತು. ಮಾವ ಯಾಕೆ ಬರ್ಲಿಲ್ಲ?' ಅಂದ್ಲು. ಅಷ್ಟೇ. ಫೋನ್ ಕಟ್ಟಾಯ್ತು."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ಕಡೆ ತಿರುಗುತ್ತಾರೆ. "ಚಹಾ ಕುಡೀರಿ. ನೀವು ಉಪವಾಸ ಬಿದ್ರೆ ಅಲ್ಲಿ ಅವಳಿಗೆ ನೀರು ಸಿಗುತ್ತಾ?" ಗಂಟಣ್ಣ ಕೆನೆ ಸರಿಸಿ ಒಂದೇ ಗುಟುಕಿಗೆ ಕುಡಿದು, ಹೆಗಲಿಗೆ ಹೊಸ ಹಗ್ಗದ ಸುರುಳಿ ಏರಿಸಿಕೊಂಡು ಜೆಟ್ಟಿಯತ್ತ ನಡೆಯುತ್ತಾರೆ.

ಇಂದು ಅದೇ ಹಡಗು ಇನ್ನೊಮ್ಮೆ ಹೊರಡಲಿದೆ. ಸಡಿಲಿಕೆಯ ಅವಧಿ ನಾಳೆಗೆ ಮುಗಿಯುತ್ತದೆ. ಮುಂದುವರಿಸಿ ಎಂದು ಇಲ್ಲಿಂದ ಕೇಳಿಕೊಂಡಿದ್ದಾರೆ, ಮೇಲಿನಿಂದ ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಬಿಚ್ಚುವವನನ್ನು ಕಳಿಸಲು ಒಪ್ಪಿಗೆ ಕೊಡಿ ಎಂದು ಅಧಿಕಾರಿ ಬೇರೆಯಾಗಿಯೂ ಕೇಳಿದ್ದಾರೆ. ಅದಕ್ಕೂ ಅದೇ ಗತಿ. ಈ ಹಡಗು ತಪ್ಪಿದರೆ ಮುಂದಿನದು ಯಾವಾಗ ಎಂದು ಹೇಳುವವರಿಲ್ಲ.

ಹಡಗಿನ ಮೇಲೆ ಭಾವ ಮತ್ತು ಭಾವಮೈದನ ನಡುವೆ ವಾದ ನಡೆದಿದೆ.

"ಬಾಲ ಹೊರಗೆ ಬಿಡು ಭಾವ. ಕೆಂಪು ಬಟ್ಟೆ ಕಟ್ಟು. ಕುರುಡನಿಗೂ ಕಾಣುತ್ತೆ."

"ಕಾಣುತ್ತೆ. ಅಲೆಗೂ ಕಾಣುತ್ತೆ. ದಾರಿ ಮಧ್ಯ ಜಾರಿದ್ರೆ?"

"ಒಳಗಿಟ್ರೆ ಮತ್ತೆ ಕೊಯ್ತಾರಲ್ಲ!"

"ಅದಕ್ಕೇ ತೋರಿಸಿಕೊಡೋಣ ಅಂತಿರೋದು. ಕರಿ ಒಬ್ಬ ನಾವಿಕನನ್ನ."

ಉದ್ದ ಕತ್ತಿನ ನಾವಿಕನೊಬ್ಬ ಬರುತ್ತಾನೆ. ಅವನಿಗೆ ಇವರ ಭಾಷೆ ಬಾರದು, ಇವರಿಗೆ ಅವನದು. ಗಂಟಣ್ಣ ಅವನ ಕೈ ಹಿಡಿದು ಡ್ರಮ್ಮಿನ ಅಡಿಗೆ ತೂರಿಸಿ ಬಾಲವನ್ನು ಮುಟ್ಟಿಸುತ್ತಾರೆ. ದಡದ ಬದಿ ತೋರಿಸಿ ಒಂದು ಬೆರಳು ಎತ್ತುತ್ತಾರೆ, ಸಮುದ್ರದ ಬದಿ ತೋರಿಸಿ ಎರಡು ಬೆರಳು. ನಾವಿಕ ತಲೆಯಾಡಿಸುತ್ತಾನೆ. ಪರೀಕ್ಷೆಗೆಂದು ಗಂಟಣ್ಣ ಅದಲುಬದಲು ಮಾಡಿ ತೋರಿಸುತ್ತಾರೆ. ಅದಕ್ಕೂ ನಾವಿಕ ನಗುನಗುತ್ತಾ ತಲೆಯಾಡಿಸುತ್ತಾನೆ.

"ನೋಡಿದ್ರಾ? ಥೇಟ್ ನಮ್ಮ ಭಾವನ ಥರ. ಅಕ್ಕ ಏನ್ ಹೇಳಿದ್ರೂ ಹೂಂ" ಎನ್ನುತ್ತಾರೆ ಬಿಚ್ಚಣ್ಣ.

ನಾವಿಕನೇ ಒಂದು ಗಂಟನ್ನು ಬಿಚ್ಚಿ ನೋಡಲಿ ಎಂದು ಬಾಲವನ್ನು ಕೈಗೆ ಕೊಡುತ್ತಾರೆ. ಹಗ್ಗ ಒಣಗಿದೆ, ಭಾರ ಬಿದ್ದಿಲ್ಲ, ಹೂ ಎತ್ತಿದಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಅವನು ಹಿಗ್ಗಿ ಹೆಬ್ಬೆರಳು ಎತ್ತುತ್ತಾನೆ. ಗಂಟಣ್ಣನ ಮುಖ ಮಾತ್ರ ಅರಳುವುದಿಲ್ಲ. ಉಪ್ಪುನೀರು ಕುಡಿದು ಉಬ್ಬಿದ ಹಗ್ಗ, ಮೇಲೆ ಡ್ರಮ್ಮಿನ ಭಾರ, ಎದುರಿಗೆ ಬಾಯಾರಿದ ಜನ. ಅಲ್ಲಿ ಕೈ ಇಷ್ಟು ನಿಧಾನವಾಗಿ ಹುಡುಕುತ್ತದೆಯೇ? ಅವರು ಇನ್ನೊಮ್ಮೆ ಕಟ್ಟುತ್ತಾರೆ. ಎಳೆದು ನೋಡಿ, ಮತ್ತೆ ಬಿಚ್ಚಿ, ಇನ್ನೂ ಒಮ್ಮೆ ಕಟ್ಟುತ್ತಾರೆ.

"ನೀವು ಬರೀತೀರಲ್ಲಾ, ನನ್ನ ವಿಷಯ ಎರಡು ಸಾಲು ಸಾಕು. ನನಗೆ ಕಟ್ಟೋದಷ್ಟೇ ಬರೋದು. ಕೆಟ್ಟದಾಗಿ ಕಟ್ಟಿದ್ರೆ ದಾರೀಲಿ ಸಮುದ್ರದ ಪಾಲು. ಚೆನ್ನಾಗಿ ಕಟ್ಟಿದ್ರೆ ಅಲ್ಲಿ ಕೊಯ್ದು ಸಮುದ್ರದ ಪಾಲು. ಇಂಥ ಕೆಲಸ ಯಾವತ್ತೂ ಮಾಡಿರ್ಲಿಲ್ಲ ಕಣಮ್ಮ." ಇಷ್ಟು ಹೇಳಿ ಬೆನ್ನು ತಿರುಗಿಸುತ್ತಾರೆ.

ಬಿಸಿಲು ಏರಿದೆ. ಎಂಜಿನ್ನಿನ ಸದ್ದಿಗೆ ಜೆಟ್ಟಿಯ ಕಲ್ಲು ಅದುರುತ್ತಿದೆ. ಎಲ್ಲರೂ ಇಳಿದ ಮೇಲೆ ಗಂಟಣ್ಣ ಇಳಿಯುತ್ತಾರೆ. ಅಧಿಕಾರಿ ವೈರ್‌ಲೆಸ್ ಕಿವಿಗೆ ಒತ್ತಿಕೊಂಡು ನಿಂತಿದ್ದಾರೆ, ಅದರಲ್ಲಿ ಬರೀ ಕರಕರ ಸದ್ದು. ಬಿಚ್ಚಣ್ಣ ಏಣಿಯ ಬುಡದಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದಾರೆ, ಹತ್ತು ಎಂದರೆ ಸಾಕು ಎಂಬಂತೆ. ಮೇಲೆ ಕಟಕಟೆಯ ಬಳಿ ಹಡಗಿನ ಕಪ್ತಾನ ಕೆಳಗೆ ನೋಡುತ್ತಿದ್ದಾನೆ. ಏಣಿಯನ್ನು ಮೇಲಕ್ಕೆಳೆಯುವ ಸರಪಳಿ ಬಿಗಿಯಾಗತೊಡಗುತ್ತದೆ.

ಗಂಟಣ್ಣ ಕೂಗುವುದಿಲ್ಲ. ಅಧಿಕಾರಿಯತ್ತ ಒಮ್ಮೆ, ಕಪ್ತಾನನತ್ತ ಒಮ್ಮೆ ನೋಡಿ, ಭಾವಮೈದನ ಹೆಗಲ ಮೇಲೆ ಕೈ ಇಟ್ಟು ಹೇಳುತ್ತಾರೆ:

"ಸಾರ್, ಇವನೊಬ್ಬನನ್ನ ಹತ್ತಿಸ್ಕೊಳ್ಳಿ. ಬಿಚ್ಚಿಕೊಟ್ಟು ಬರ್ತಾನೆ."