ಹಿಸಾ ಬರ್ತೀನಿ ಅಂದಳು

ಕೋಲ್ಕತ್ತದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಇಂದುಮತಿಯನ್ನು ಅರಿಯದವರಿಲ್ಲ. ಧಾರವಾಡದ ಹೆಣ್ಣುಮಗಳು. ಗಂಡ ವಿಶ್ವನಾಥ ಖಿದಿರ್‌ಪುರದ ಬಂದರು ಕಚೇರಿಯಲ್ಲಿ ನೌಕರ. ಜನ್ಮದಲ್ಲಿ ಮೀನು ತಿಂದವಳಲ್ಲ. ಆದರೂ ಗರಿಯಾಹಾಟ್ ಮಾರುಕಟ್ಟೆಯಲ್ಲಿ ಕಂಡವರ ಚೀಲ ಬಗ್ಗಿ ನೋಡಿ, ಇದು ಯಾವ ಮೀನು, ಸಾಸಿವೆ ಅರೆದು ಹಾಕುತ್ತೀರೋ ಬರೀ ಹುರಿಯುತ್ತೀರೋ ಎಂದು ಕೇಳದೆ ಮುಂದೆ ಹೆಜ್ಜೆ ಇಡುವವಳಲ್ಲ. ಎಲ್ಲಾದರೂ ನಾಲ್ಕು ಜನ ಸೇರಿದ್ದರೆ ಐದನೆಯವಳು ಅವಳೇ. ಊರ ಉಸಾಬರಿ ನಿನಗೇಕೆ ಎಂದು ವಿಶ್ವನಾಥ ರೇಗಿ ರೇಗಿ, ಕೊನೆಗೆ ತಾನೇ ದಣಿದು ಸುಮ್ಮನಾಗಿದ್ದ. ಇಂಥವಳ ಕೈಗೆ ಒಂದು ಮೇಳ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ಇರುವುದು ಅದು ಅವಳ ಬಾಯಿಂದಲೇ ಹುಟ್ಟಿ ಅವಳ ಬಾಯಿಂದಲೇ ಮುಗಿದದ್ದರಲ್ಲಿ.

೨೦೦೧ರ ಚಳಿಗಾಲದಲ್ಲಿ ಕೇಬಲ್ಲಿನಲ್ಲಿ ಯಾವುದೋ ವಿದೇಶಿ ಚಾನೆಲ್ ಬರತೊಡಗಿತು. ಶನಿವಾರ ಸಂಜೆ ಅದರಲ್ಲೊಂದು ಜಪಾನಿ ಕಾರ್ಟೂನು ಧಾರಾವಾಹಿ. ನೀರಿನ ಮೇಲೆ ತೇಲುವ ಒಂದು ಊರು; ಅಲ್ಲಿ ಬೀದಿದೀಪ ಹಚ್ಚುವ ಒಬ್ಬ ಮುದುಕ; ಅವನ ಮೊಮ್ಮಗಳು ಹಿಸಾ, ಕಡಲಿನ ಆಚೆ ಏನಿದೆ ಎಂದು ಹಗಲೂ ರಾತ್ರಿ ಕೇಳುವವಳು. ಈ ಹುಡುಗಿಯನ್ನು ಕಂಡರೆ ಇಂದುಮತಿಗೆ ಪ್ರಾಣ. ಧಾರಾವಾಹಿಯ ಇಂಗ್ಲಿಷ್ ಹೆಸರು ನಾಲಿಗೆಗೆ ತಿರುಗುವಂಥದ್ದಾಗಿರಲಿಲ್ಲ, ಆದ್ದರಿಂದ ಅವಳೇ ಅದಕ್ಕೆ 'ತೇಲೂರು' ಎಂದು ನಾಮಕರಣ ಮಾಡಿದಳು.

ಮಾತು ಜಪಾನಿಯದು. ಕೆಳಗೆ ಇಂಗ್ಲಿಷ್ ಸಾಲು ಓಡುತ್ತಿತ್ತು. ಮನೆಯ ಹಳೆಯ ಪುಟ್ಟ ಟಿವಿಯಲ್ಲಿ ಆ ಅಕ್ಷರಗಳು ಇರುವೆಸಾಲಿನಂತೆ ಕಾಣುತ್ತಿದ್ದವು. ಮಗಳು ಅಪರ್ಣಾ, ಎದುರುಮನೆಯ ಬಂಗಾಳಿ ಹುಡುಗ ಟುಕಾಯಿ, ಅವನ ಅಜ್ಜಿ, ಕಟ್ಟಡದ ಚಿಳ್ಳೆಪಿಳ್ಳೆಗಳು ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂತರೆ, ಇಂದುಮತಿ ಮಾತ್ರ ಟಿವಿಗೆ ಮೂಗು ತಾಗಿಸಿಕೊಂಡು ಒಂದೊಂದು ಸಾಲನ್ನೂ ಗಟ್ಟಿಯಾಗಿ ಹೇಳುವಳು. ಮೊದಲು ಧಾರವಾಡದ ಕನ್ನಡದಲ್ಲಿ, ಹಿಂದೆಯೇ ತನ್ನ ಹರಕುಮುರುಕು ಬಂಗಾಳಿಯಲ್ಲಿ. ಮುದುಕನಿಗೆ ಮುದುಕನ ದನಿ, ಹಿಸಾಗೆ ಹಿಸಾಳ ದನಿ. ಮಕ್ಕಳ ಕಣ್ಣು ಚಿತ್ರದ ಮೇಲೆ, ಕಿವಿ ಅವಳ ಮೇಲೆ.

ಒಂದು ಶನಿವಾರ ಹಿಸಾ ದೋಣಿ ಹತ್ತಿದಳು. ಮುದುಕ ಮೆಟ್ಟಿಲ ಮೇಲೆ ನಿಂತಿದ್ದ. ಹುಡುಗಿ ತಿರುಗಿ ನೋಡಿ ಒಂದು ಮಾತು ಹೇಳಿದಳು. ಕೆಳಗೆ ಬಂದ ಸಾಲು ಇಷ್ಟೇ: 'ಐ ಆ್ಯಮ್ ಗೋಯಿಂಗ್, ಗ್ರ್ಯಾಂಡ್‌ಫಾದರ್.'

"ಬರ್ತೀನಿ ಅಜ್ಜಾ," ಎಂದಳು ಇಂದುಮತಿ. ಹಿಂದೆಯೇ ಬಂಗಾಳಿಯಲ್ಲಿ, "ದಾದೂ, ಆಶ್ಚಿ."

ಮತ್ತೇನು ಹೇಳಬೇಕಿತ್ತು? ಹೊಸ್ತಿಲು ದಾಟುವಾಗ 'ಹೋಗ್ತೀನಿ' ಎಂದು ಯಾವ ಮನೆಯ ಮಗಳು ಹೇಳುತ್ತಾಳೆ? ಅದು ಸತ್ತವರು ಹೋಗುವ ಹೋಗು. ಧಾರವಾಡದಲ್ಲಿ ಹೇಗೋ ಕೋಲ್ಕತ್ತದಲ್ಲೂ ಹಾಗೆಯೇ. ಬಂಗಾಳಿಗಳೂ ಹೊರಡುವಾಗ 'ಬರುತ್ತಿದ್ದೇನೆ' ಎಂದೇ ಅನ್ನುವುದು. ಇಂದುಮತಿ ಯೋಚಿಸಿ ಹೇಳಿದ್ದಲ್ಲ. ನಾಲಿಗೆ ತಾನಾಗಿ ಹೊರಳಿತು, ಅಷ್ಟೆ.

ಮುಂದಿನ ಶನಿವಾರ ಟಿವಿ ಹಾಕಿದರೆ ಆ ಜಾಗದಲ್ಲಿ ಯಾರೋ ಗಾಲ್ಫ್ ಆಡುತ್ತಿದ್ದರು. ಕೇಬಲ್ಲಿನವನನ್ನು ಹಿಡಿದು ಕೇಳಿದಾಗ, ಆ ಚಾನೆಲ್ ಎದ್ದುಹೋಯಿತು ಬೌದಿ ಎಂದು, ಅತ್ತಿಗೆಗೆ ಹೇಳುವವನ ಹಾಗೆ ಕೈ ಆಡಿಸಿಬಿಟ್ಟ. ಕಥೆ ನಡುನೀರಿನಲ್ಲಿ ನಿಂತಿತು. ಹಿಸಾ ಹಿಂದಿರುಗಿದಳೋ ಇಲ್ಲವೋ?

"ಬಂದೇ ಬರ್ತಾಳೆ," ಎಂದಳು ಅಪರ್ಣಾ. "ಅವಳೇ ಹೇಳಿದ್ಳಲ್ಲಾ, ಬರ್ತೀನಿ ಅಂತ. ಇಟ್ಸ್ ಅ ಪ್ರಾಮಿಸ್."

ಇಲ್ಲಿ ಬೆಳೆದ ಮಕ್ಕಳು. ಕನ್ನಡ ಅವರಿಗೆ ಕಿವಿಗೆ ಬಿದ್ದಷ್ಟೇ. ಬಿದ್ದದ್ದನ್ನು ಬಿದ್ದ ಹಾಗೆಯೇ ನಂಬುವವರು. ಇನ್ನು ಟುಕಾಯಿಗೆ ಅವನ ಭಾಷೆಯ 'ಆಶ್ಚಿ'ಯ ಮರ್ಮ ತಿಳಿಯದೇನಲ್ಲ, ಆದರೆ ಹಿಸಾ ಬರಲಿ ಎಂಬ ಆಸೆ ಅವನಿಗೆ ವ್ಯಾಕರಣಕ್ಕಿಂತ ದೊಡ್ಡದಾಗಿತ್ತು. ಇಂದುಮತಿ ತಿದ್ದಬಹುದಿತ್ತು. ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಅಷ್ಟು ಹೊತ್ತಿಗೆ ಹಿಸಾ ಹಾಗೇ ಹೇಳಿದಳು ಎಂದೇ ನೆನಪು.

ಮಕ್ಕಳು ಹಿಸಾ ಮರಳಿ ಬರುವುದನ್ನು ಟೆರೇಸಿನ ಮೇಲೆ ಆಡಿ ತೋರಿಸತೊಡಗಿದರು. ಒಬ್ಬರ ಹಿಸಾ ತಿಮಿಂಗಿಲದ ಬೆನ್ನೇರಿ ಬಂದಳು, ಇನ್ನೊಬ್ಬರ ಹಿಸಾ ಮುದುಕಿಯಾಗಿ ಬಂದಳು. ಪಕ್ಕದ ಬೀದಿಯವರು ನೋಡಲು ಬಂದರು, ಶಾಲೆಯ ಗೆಳತಿಯರು ಬಂದರು. ಹೀಗಿರುವಾಗ ಜಾದವಪುರದಲ್ಲಿ ಸಂಶೋಧನೆ ಮಾಡುತ್ತಿದ್ದ ಮೈಸೂರಿನ ಋಷಿಕೇಶ್ ಯುಗಾದಿ ಊಟಕ್ಕೆಂದು ಇವರ ಮನೆಗೆ ಬಂದವನು ಹೋಳಿಗೆ ಮರೆತು ಟೆರೇಸಿನಲ್ಲಿ ಕೂತುಬಿಟ್ಟ. ಅವನೂ ಹಾಸ್ಟೆಲ್ಲಿನಲ್ಲಿ ಆ ಧಾರಾವಾಹಿ ನೋಡಿದ್ದನಂತೆ. ಹಿಸಾ ತಿರುಗಿ ನೋಡಿದ್ದು ನೆನಪಿದೆ, ಏನಂದಳೆಂಬುದು ನೆನಪಿಲ್ಲ.

"ಬರ್ತೀನಿ ಅಂದ್ಲು," ಎಂದಳು ಇಂದುಮತಿ, ಸಾಕ್ಷಿ ಹೇಳುವವಳ ಹಾಗೆ.

"ಹಂಗಾದ್ರೆ ಇದನ್ನ ಹಾಲ್‌ನಲ್ಲಿ ಮಾಡೋಣ ಅಕ್ಕಾ," ಎಂದ ಋಷಿಕೇಶ್. "ನಮ್ಮ ಹಾಗೆ ಕಾಯ್ತಿರೋರು ಈ ಊರಲ್ಲಿ ಇನ್ನೂ ಎಷ್ಟು ಜನ ಇದಾರೋ!"

ಹಾಗೆ ೨೦೦೩ರಲ್ಲಿ ಮೊದಲ ತೇಲೂರು ಮೇಳ ನಡೆಯಿತು, ಗರಿಯಾಹಾಟ್ ಹತ್ತಿರದ ಒಂದು ಮದುವೆ ಹಾಲಿನಲ್ಲಿ. ಬಂಗಾಳಿಯಲ್ಲಿ 'ತೇಲ್' ಎಂದರೆ ಎಣ್ಣೆ. ಬೋರ್ಡು ಓದಿದ ದಾರಿಹೋಕರು ಯಾವುದೋ ಎಣ್ಣೆ ಕಂಪನಿಯವರು ಸ್ಯಾಂಪಲ್ಲು ಹಂಚುತ್ತಾರೆಂದು ಶೀಶೆ ಹಿಡಿದು ಒಳಬಂದರು. ಬಂದವರನ್ನು ಇಂದುಮತಿ ಬಿಡುವುದುಂಟೇ? ಕೂರಿಸಿ, ಗಿರ್ಮಿಟ್ ಕೊಟ್ಟು, ಹಿಸಾಳ ಕಥೆ ಹೇಳಿಯೇ ಕಳಿಸಿದಳು. ಮಂಡಕ್ಕಿಗೆ ಹುಣಸೆ ಗೊಜ್ಜು, ಈರುಳ್ಳಿ, ಪುಠಾಣಿ ಪುಡಿ ಕಲಸಿದ ಅದನ್ನು ಬಂಗಾಳಿಗಳು ಧಾರವಾಡದ ಝಾಲ್‌ಮುಡಿ ಎಂದು ಚಪ್ಪರಿಸಿದರು. ಶೀಶೆ ತಂದವರಲ್ಲಿ ಇಬ್ಬರು ಮರುವರ್ಷ ವೇಷ ಹಾಕಿಕೊಂಡು ಬಂದರು.

ಮೇಳ ಬೆಳೆಯಿತು. ಊರಿನ ಸಾಫ್ಟ್‌ವೇರ್ ಬಡಾವಣೆ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದ ಹಾಗೆಲ್ಲ ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಹುಡುಗ ಹುಡುಗಿಯರು ಹಿಂಡು ಹಿಂಡಾಗಿ ಬಂದರು. ಹಗಲೆಲ್ಲ ಅಮೆರಿಕದವರ ಕೆಲಸ ಮಾಡಿ, ವರ್ಷಕ್ಕೊಂದು ಭಾನುವಾರ ದೀಪ ಹಚ್ಚುವ ಮುದುಕನ ಟೋಪಿ ಹಾಕಿಕೊಳ್ಳುವುದರಲ್ಲಿ ಅವರಿಗೆ ಏನು ಸುಖವೋ! ಇಂದುಮತಿ ಒಬ್ಬೊಬ್ಬರನ್ನೂ ಕೇಳಿದಳು. ಸರಿಯಾದ ಉತ್ತರ ಯಾರಿಂದಲೂ ಬರಲಿಲ್ಲ, ಆದರೆ ಅವರ ಕಣ್ಣು ನೋಡಿದರೆ ಅವಳಿಗೆ ಅರ್ಥವಾಗುತ್ತಿತ್ತು. ಎಲ್ಲ ಮುಗಿದ ಮೇಲೆ ತಂಡ ತಂಡವಾಗಿ ಹಿಸಾಳ ಬರುವಿಕೆಯನ್ನು ಆಡುವುದು, ಕೊನೆಗೆ ಇಂದುಮತಿ ಮೈಕಿನ ಮುಂದೆ ನಿಂತು ದೋಣಿಯ ಆ ಮಾತು ಹೇಳುವುದು. "ಬರ್ತೀನಿ ಅಜ್ಜಾ!" ಇಡೀ ಸಭೆ ಕನ್ನಡದಲ್ಲಿ ಕೂಗುತ್ತಿತ್ತು. ಯಾರಾದರೂ ಅನುಮಾನ ತೆಗೆದರೆ ಅವಳದು ಒಂದೇ ಉತ್ತರ: "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಬೈಸಿಕೊಳ್ಳುವ ಹೆಂಗಸು ಇಲ್ಲಿ ನೂರಾರು ಜನಕ್ಕೆ ಕಾಕಿಮಾ, ಅಂದರೆ ಚಿಕ್ಕಮ್ಮ, ಆಗಿದ್ದಳು. ಈ ಒಂದು ದಿನಕ್ಕಾಗಿಯೇ ಅವಳು ವರ್ಷವಿಡೀ ಬದುಕುತ್ತಿದ್ದಳೆಂದರೆ ಸುಳ್ಳಲ್ಲ.

೨೦೦೮ರ ಮೇಳ ಹತ್ತಿರ ಬಂದಾಗ ಟುಕಾಯಿ ಒಂದು ಸೀಡಿ ಹಿಡಿದು ಬಂದ. ಅವನೀಗ ಸೆಕ್ಟರ್ ಫೈವ್‌ನ ಎಂಜಿನಿಯರು. ಆಫೀಸಿನ ಇಂಟರ್ನೆಟ್ಟು ಮನೆಯದರ ಹಾಗೆ ತೆವಳುವಂಥದ್ದಲ್ಲ. ಋಷಿಕೇಶನೂ ಅಲ್ಲೇ ಇದ್ದ, ಹಾಲ್‌ನ ಏರ್ಪಾಟಿನ ಮಾತಿಗೆಂದು ಬಂದಿದ್ದ.

"ಕಾಕಿಮಾ, ಪೂರಾ ಧಾರಾವಾಹಿ ಸಿಕ್ತು," ಎಂದ ಟುಕಾಯಿ ಬಂಗಾಳಿಯಲ್ಲಿ. ಸಂತೋಷದ ಮುಖವಲ್ಲ. "ನಾವು ನೋಡಿದ್ದರ ಮುಂದೆ ಇನ್ನೂ ಒಂದು ಕಂತು ಇದೆ. ಅದನ್ನ ನಾನು ನೋಡಿಲ್ಲ. ಹಳೇದನ್ನ ಮಾತ್ರ ನೋಡಿದೆ." ಸೀಡಿಯನ್ನು ಅವಳ ಕೈಗಿಟ್ಟು, "ದೋಣಿ ಹತ್ತುವಾಗ ಅವಳು 'ಗೋಯಿಂಗ್' ಅಂತಾಳೆ, ಕಾಕಿಮಾ."

ಅಪರ್ಣಾ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನೀನು ರಾಂಗ್ ಹೇಳಿದ್ಯಾ? ಇಷ್ಟು ವರ್ಷ ನಾವೆಲ್ಲಾ... ಬರ್ತೀನಿ ಅಂತ ಅವ್ಳು ಹೇಳೇ ಇಲ್ವಾ?"

"ರಾಂಗ್ ಹೆಂಗಾಗ್ತದ?" ಇಂದುಮತಿಯ ದನಿ ಏರಿತು. "ಹೋಗೂ ಮುಂದ ಯಾರರೆ ಹೋಗ್ತೀನಿ ಅಂತಾರೇನು? ಬಾಯಾಗ ತರಬಾರದ ಮಾತದು. ಆ ಹುಡುಗಿ ನಮ್ಮನ್ಯಾಗ ಹುಟ್ಟಿದ್ರ ಬರ್ತೀನಿ ಅಂತನs ಅಂತಿದ್ಲು."

"ನಮ್ಮನೇಲಿ ಹುಟ್ಟಿಲ್ಲ ಅಲ್ವಾ ಅಮ್ಮಾ," ಎಂದಳು ಮಗಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳು ಆಡಿದ ಒಂದು ಮಾತು ಹೋಗಲಿಲ್ಲ, ಬೆಳೆದು ಛತ್ರ ತುಂಬಿಕೊಂಡು ಕೂತಿತ್ತು.

"ಅಕ್ಕಾ, ನನ್ನ ಕೇಳಿದ್ರೆ ಈ ಸೀಡಿ ಒಳಗಿಡಿ," ಎಂದ ಋಷಿಕೇಶ್. "ಅವ್ಳು ಬರದೇ ಹೋದ್ರೆ ನಮಗೆ ಆಡೋಕೆ ಏನಿದೆ? ಬಂದ್ರೂ ಅಷ್ಟೇ, ಗೊತ್ತಾದ ಮೇಲೆ ಯಾರು ಬರ್ತಾರೆ? ಮೇಳ ಇರೋದೇ ಗೊತ್ತಿಲ್ಲದ್ದರ ಮೇಲೆ."

ಅವನು ಹೇಳಿದ್ದು ಸರಿ ಎಂದು ಇಂದುಮತಿಗೂ ತಿಳಿದಿತ್ತು. ಸೀಡಿಯನ್ನು ದೇವರ ಗೂಡಿನಲ್ಲಿಟ್ಟಳು, ಅಲ್ಲಿಂದ ತೆಗೆದು ಅಕ್ಕಿ ಡಬ್ಬಿಯಲ್ಲಿಟ್ಟಳು. ನೋಡಿಬಿಟ್ಟರೆ ಮೇಳವಿಲ್ಲ, ಮೇಳವಿಲ್ಲದಿದ್ದರೆ ತಾನು ಯಾರು? ನೋಡದಿದ್ದರೆ? ಅಷ್ಟು ವರ್ಷ ಕಾದ ಪ್ರಶ್ನೆಯ ಉತ್ತರ ಅಕ್ಕಿಯೊಳಗೆ ಮಲಗಿರುವಾಗ ಅನ್ನಕ್ಕೆ ನೀರಿಡಲು ಕೈ ಏಳಲಿಲ್ಲ. ಅದಕ್ಕಿಂತಲೂ ಅವಳನ್ನು ಕೊರೆದದ್ದು ಇನ್ನೊಂದು. ಈ ಸಲ ಮೈಕಿನ ಮುಂದೆ ನಿಂತು 'ಬರ್ತೀನಿ ಅಜ್ಜಾ' ಎಂದರೆ ಅದು ಸುಳ್ಳು. ಇದುವರೆಗೆ ನಾಲಿಗೆಯ ರೂಢಿಯಾಗಿತ್ತು, ಇನ್ನು ಮೋಸವಾಗುತ್ತದೆ.

"ಹಾಲ್‌ನಾಗನs ಹಾಕೂಣು," ಎಂದಳು ಮರುದಿನ ಟುಕಾಯಿಯನ್ನು ಕರೆಸಿ. "ನಾನೊಬ್ಬಾಕಿ ನೋಡಂಗಿಲ್ಲ. ಎಲ್ಲಾರೂ ಕೂಡೇ ಕಾದೀವಿ, ಕೂಡೇ ನೋಡೂಣು." ಅವನಿಗೆ ಕನ್ನಡ ಅಷ್ಟು ತಿಳಿಯದಿದ್ದರೂ ವಿಷಯ ತಿಳಿಯಿತು.

ಆ ವರ್ಷ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟುಕಾಯಿಯ ಅಜ್ಜಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಇಂದುಮತಿ ಮೊದಲು ಮೈಕ್ ಹಿಡಿದು, ಅಂದು ಪರದೆಯಲ್ಲಿ ಬರೆದಿದ್ದುದು ಏನು, ತಾನು ಹೇಳಿದ್ದು ಏನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಗುಜುಗುಜು ಎದ್ದಿತು, ಹಿಂದಿನಿಂದ ಯಾರೋ ನಕ್ಕರು. ಆಮೇಲೆ ದೀಪ ಆರಿಸಿದರು.

ಕೊನೆಯ ಕಂತಿನಲ್ಲಿ ಹಿಸಾ ಇರಲೇ ಇಲ್ಲ. ಮುದುಕ ದಿನವೂ ದೀಪ ಹಚ್ಚಿ ಮೆಟ್ಟಿಲಿಗೆ ಬಂದು ಕೂರುತ್ತಿದ್ದ. ಮಳೆಗಾಲ ಕಳೆಯಿತು, ಹಿಮ ಬಿತ್ತು. ಪರದೆ ಈಗ ಗೋಡೆಯಷ್ಟು ದೊಡ್ಡದು, ಅಕ್ಷರ ಎಲ್ಲರಿಗೂ ಕಾಣುತ್ತಿತ್ತು. ಆದರೂ ಪ್ರತಿ ಸಾಲಿಗೂ ಜನ ಇಂದುಮತಿಯ ದನಿಗೆ ಕಾಯುತ್ತಿದ್ದರು; ಅವಳು ಹೇಳುತ್ತಿದ್ದಳು, ಕನ್ನಡದಲ್ಲಿ, ಹಿಂದೆಯೇ ಬಂಗಾಳಿಯಲ್ಲಿ. ಕೊನೆಗೊಬ್ಬ ಪರಸ್ಥಳದ ನಾವಿಕ ಬಂದು ಮುದುಕನ ಪಕ್ಕ ಕೂತು ಕೇಳಿದ: ತಿರುಗಿ ಬರುತ್ತೇನೆಂದು ಹೇಳಿದ್ದಳೇ?

ಮುದುಕನ ಉತ್ತರ ಪರದೆಯ ಮೇಲೆ ಬಂತು. ಎಲ್ಲರೂ ಓದಿದರು. ಓದಿ, ಇಂದುಮತಿಯತ್ತ ತಿರುಗಿದರು.

ಅವಳು ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು. ಅವಳ ಅವ್ವ ಆಡದ ಮಾತು, ಅವ್ವನ ಅವ್ವ ಆಡದ ಮಾತು. ತವರಿನಿಂದ ಈ ಊರಿಗೆ ಹೊರಟ ದಿನ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಿಟಕಿಯ ಸರಳು ಹಿಡಿದು ಅತ್ತು ಅತ್ತು ಕರೆದಾಗಲೂ ಅವಳ ಬಾಯಿಂದ ಬಂದಿರಲಿಲ್ಲ.

"ಇಲ್ಲ," ಎಂದಳು ಮುದುಕನ ದನಿಯಲ್ಲಿ. "ಹೋಗ್ತೀನಿ ಅಂದ್ಲು."

ಬಂಗಾಳಿಯಲ್ಲಿಯೂ ಹೇಳಿದಳು. "ನಾ. ಬೊಲ್ಲೋ, ಜಾಚ್ಛಿ." ಮುಂದಿನ ಸಾಲಿನಲ್ಲಿ ಟುಕಾಯಿಯ ಅಜ್ಜಿ ಛೆ ಛೆ ಎಂದು ಎರಡೂ ಕಿವಿ ಮುಚ್ಚಿಕೊಂಡಳು. ಪರದೆಯ ಮೇಲೆ ಮುದುಕ ಎದ್ದು, ಕೋಲಿಗೆ ಬತ್ತಿ ಸಿಕ್ಕಿಸಿ, ದೀಪ ಹಚ್ಚಲು ನಡೆದುಹೋದ. ಹೆಸರುಗಳ ಪಟ್ಟಿ ಬಂದು ಮುಗಿಯಿತು. ಆಮೇಲೆ ಚಪ್ಪಾಳೆ ತಟ್ಟಿದರು, ಬಹಳ ಹೊತ್ತು ತಟ್ಟಿದರು. ಅಪರ್ಣಾ ವೇದಿಕೆ ಹತ್ತಿ ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತಳು.

ಮರುವರ್ಷವೂ ಹಾಲ್ ಗೊತ್ತುಮಾಡಿದ್ದರು. ಬಂದವರು ಒಂದೇ ಬೆಂಚಿಗೆ ಸಾಲುವಷ್ಟು. ಋಷಿಕೇಶ್ ಕೆಲಸ ಸಿಕ್ಕಿ ಗುವಾಹಟಿಗೆ ಹೋಗಿದ್ದ. ಟುಕಾಯಿ ಬಂದಿದ್ದ, ಆದರೆ ಅವನೂ ಉಳಿದವರೂ ಆಫೀಸಿನಲ್ಲಿ ಯಾರನ್ನು ತೆಗೆದರು, ಯಾರನ್ನು ಇಟ್ಟುಕೊಂಡರು ಎಂಬುದನ್ನೇ ಮಾತಾಡಿದರು. ತಿಮಿಂಗಿಲದ ಸುದ್ದಿ ಯಾರೂ ಎತ್ತಲಿಲ್ಲ. ಕಲಸಿದ ಗಿರ್ಮಿಟ್ ಮೆತ್ತಗಾಗಿ ಪಾತ್ರೆಯಲ್ಲೇ ಉಳಿಯಿತು.

ಹೊರಡುವಾಗ ಹಾಲಿನ ಮ್ಯಾನೇಜರು ಡೈರಿ ತೆರೆದು, ಬರುವ ವರ್ಷವೂ ಇದೇ ಭಾನುವಾರ ಹಿಡಿದಿಡಲೇ ಬೌದಿ ಎಂದು ಕೇಳಿದ. ಇಂದುಮತಿ ಗಂಡನ ಮುಖ ನೋಡಿದಳು. ಮೇಳವನ್ನು ಹುಚ್ಚರ ಸಂತೆ ಎಂದು ಹೀಗಳೆಯುತ್ತ ಬಂದಿದ್ದ ವಿಶ್ವನಾಥ, ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು, "ಇರ್ಲಿ ಹಿಡಿ, ಇನ್ನೊಂದ ವರ್ಷ ನೋಡೂಣು," ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವಳು ಕೇಳಿದ್ದು ಅಪರೂಪ. ಅದಕ್ಕೇ ಅಳು ಬಂತು.

"ಬ್ಯಾಡ್ರೀ," ಎಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಗೊತ್ತಾಗಿಹೋತಲ್ಲ."

ಮ್ಯಾನೇಜರು ಆ ಭಾನುವಾರವನ್ನು ಒಂದು ಮದುವೆಗೆ ಬರೆದುಕೊಂಡ.