ನೀರು ಕೇಳಿದವಳಿಗೆ ಕೊಟ್ಟ ಜೋಳ

ಮೊಮ್ಮಕ್ಕಳೇ, ನಿಮ್ಮ ಅವ್ವಂದಿರು ಬಂಗಾರವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು, ಕೀಲಿ ಎಲ್ಲಿಟ್ಟೆವೆಂದು ಮನೆಯೆಲ್ಲ ಹುಡುಕುತ್ತಾರೆ. ನಮಗೆ ಕೀಲಿಯ ಗೊಡವೆ ಇರಲಿಲ್ಲ. ಜೋಳದ ಗಡಿಗೆಯಲ್ಲಿ ಮೊಳಕೈ ಮಟ್ಟ ಕೈ ಇಳಿಸಿ ಬಟ್ಟೆಯ ಗಂಟೊಂದನ್ನು ಹುದುಗಿಸಿಬಿಟ್ಟರೆ ಆಯಿತು. ಒಂದೇ ಅಡಚಣೆಯೆಂದರೆ, ಜೋಳ ಖರ್ಚಾದಂತೆ ಗಂಟು ಮೇಲೆ ಬರುತ್ತದೆ, ಆಗಾಗ ಕೆಳಗೆ ನೂಕುವ ನೆನಪು ಬೇಕು. ನಿಮ್ಮ ಅಜ್ಜಿಯ ನೆನಪು ಎಂಥದೆಂದು ನಿಮಗೆ ಗೊತ್ತೇ ಇದೆ, ನಗಬೇಡಿ.

ನನ್ನ ಗಂಟಿನಲ್ಲಿದ್ದದ್ದು ತಾಳಿಯ ಎರಡು ಗುಂಡು. ನಿಮ್ಮ ಅಜ್ಜ ಹೋದ ಮೇಲೆ ಕೊರಳಿನಿಂದ ಇಳಿಸಿದ್ದು. ಅವರು ಬಿಟ್ಟುಹೋದದ್ದರಲ್ಲಿ ನನಗೆ ಎದುರು ಮಾತಾಡದೆ ಸುಮ್ಮನಿದ್ದದ್ದು ಅವೆರಡೇ. ಉಳಿದವರು ನನ್ನ ಮಗ ಮತ್ತು ಮಗಳು. ಗಂಟು ಎಲ್ಲಿದೆಯೆಂದು ಬಲ್ಲವಳು ಪಕ್ಕದ ಮನೆಯ ನನ್ನ ನೆಗೆಣ್ಣಿ ಶರಣಮ್ಮ ಒಬ್ಬಳೇ.

ನಮ್ಮೂರು ಬಳಗಾನೂರಿನಲ್ಲಿ ಭತ್ತದ ನಾಟಿ ನಡೆದಿದ್ದ ಒಂದು ಮಧ್ಯಾಹ್ನ, ಸಿಂಧನೂರಿನ ಕಡೆ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನಿಂದ ಕೂಲಿಗೆ ಬಂದಿದ್ದ ಬಂಗಾಲಿ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು "ಜೋಲ್, ಜೋಲ್" ಎಂದಳು. ಹೊಸದಾಗಿ ಮದುವೆಯಾಗಿ ದೂರದಿಂದ ಬಂದವಳು, ಕನ್ನಡ ಬಾರದು. ನನಗೋ ಹೊಸಬರ ಮುಖ ನೋಡಲು ನಾಚಿಕೆ. ಪಾಪ, ಜೋಳ ಬೇಡುತ್ತಿದ್ದಾಳೆಂದು ನೆಲ ನೋಡುತ್ತಲೇ ಒಂದು ಸೇರು ತುಂಬಿ ಅವಳ ಸೆರಗಿಗೆ ಸುರಿದೆ. ಅವಳು ಸೆರಗನ್ನು ನೋಡಿದಳು, ನನ್ನನ್ನು ನೋಡಿದಳು, ಕೈಮುಗಿಯಲು ಕೈ ಖಾಲಿ ಇಲ್ಲದೆ ತಲೆಬಾಗಿಸಿ ಹೋದಳು. ದಾನ ಮಾಡಿದ ಹೆಮ್ಮೆಯಲ್ಲಿ ನಾನು ಒಂದು ತಂಬಿಗೆ ನೀರು ಕುಡಿದೆ.

ಮರುದಿನ ಗಡಿಗೆಯಲ್ಲಿ ಕೈಯಾಡಿಸಿದರೆ ಗಂಟಿಲ್ಲ. ಅದೇ ಬೆಳಿಗ್ಗೆ ಶರಣಮ್ಮ ಲಿಂಗಸುಗೂರಿನ ತವರಿಗೆ ಬಸ್ಸು ಹತ್ತಿದ್ದಳು. ಎರಡನ್ನೂ ಕೂಡಿಸಿ ನೋಡಲು ನಾನು ಹಳ್ಳಿಸಾಲೆಯಲ್ಲಿ ಕಲಿತ ಐದನೇ ಕ್ಲಾಸು ಸಾಕಾಯಿತು. ಅವಳು ತಿರುಗಿ ಬಂದಾಗ ನಾನು ಏನೂ ಕೇಳಲಿಲ್ಲ. ನಾಚಿಕೆಯವರ ಜಗಳಕ್ಕೆ ಸದ್ದಿರುವುದಿಲ್ಲ. ಅವಳು ತಂದ ಪಲ್ಯವನ್ನು ಹೊಟ್ಟೆ ಸರಿಯಿಲ್ಲವೆಂದು ಮರಳಿ ಕಳಿಸಿದೆ, ಅವಳು ನಕ್ಕರೆ ಗೋಡೆ ನೋಡಿದೆ. ಇಪ್ಪತ್ತು ವರ್ಷ ಒಲೆಯ ಕೆಂಡ ಹಂಚಿಕೊಂಡವಳು ನನ್ನ ಮನಸ್ಸಿನಲ್ಲಿ ಸದ್ದಿಲ್ಲದೆ ಕಳ್ಳಿಯಾದಳು.

ಹದಿನೈದು ದಿನ ಕಳೆದು ಆ ಹೆಣ್ಣುಮಗಳು, ಮಾಲತಿ, ಕನ್ನಡ ಬಲ್ಲ ಅತ್ತೆಯ ಜೊತೆ ಬಂದಳು. ಅನ್ನ ಉಣ್ಣುವವರ ಮನೆಯಲ್ಲಿ ನನ್ನ ಜೋಳ ಮೂಲೆ ಹಿಡಿದು ಕೂತಿತ್ತಂತೆ. ಕೊನೆಗೆ ಗಿರಣಿಗೆ ಒಯ್ಯಲೆಂದು ಹಸನು ಮಾಡುವಾಗ ಮೊರದಲ್ಲಿ ಗಂಟು ಸಿಕ್ಕಿತಂತೆ.

"ಜೋಳ ನೀವು ಕೊಟ್ಟದ್ದು, ಅದು ನಮ್ಮದಾತು. ಗಂಟು ನೀವು ಕೊಟ್ಟದ್ದಲ್ಲ, ಅದು ನಿಮ್ಮದು ಅಂತಾಳ್ರಿ ನಮ್ಮ ಸೊಸಿ," ಎಂದಳು ಅತ್ತೆ. "ಅವತ್ತ ಆಕಿ ಕೇಳಿದ್ದು ನೀರ್ರೀ ಅಕ್ಕಾರ. ನಮ್ಮ ಮಾತಿನ್ಯಾಗ ನೀರಿಗೆ ಜೋಲ್ ಅಂತೀವಿ."

ಆಗ ಮೊದಲ ಸಲ ಮಾಲತಿಯ ಮುಖ ನೋಡಿದೆ. ಕಿವಿಯ ತೂತಿನಲ್ಲಿ ಓಲೆಯಿರಲಿಲ್ಲ, ಬೇವಿನ ಕಡ್ಡಿ ಇತ್ತು.

ಮಾತು ಕೇಳಿ ಬಂದ ಶರಣಮ್ಮ ಹೊಟ್ಟೆ ಹಿಡಿದು ನಕ್ಕಳು. "ಯಕ್ಕಾ, ನೀರು ಕೇಳಿದಾಕಿಗೆ ಜೋಳ ಹಾಕೀದಿ. ನಾಳೆ ಜೋಳ ಕೇಳಿದಾಕಿ ತಲಿ ಮ್ಯಾಲ ನೀರು ಸುರವ್ತೀ ಏನ ಬೇ?"

ಎಲ್ಲರೂ ನಕ್ಕರು, ನನಗೊಬ್ಬಳಿಗೆ ಆಗಲಿಲ್ಲ. ಅಂದಿನಿಂದ ಮಾಲತಿ ನಮ್ಮವಳೇ ಆದಳು. ಪ್ರತಿ ನಾಟಿಗೂ ಅವಳೇ ಮುಂದಾಳು; ನಮ್ಮಿಂದ ರೊಟ್ಟಿ ಬಡಿಯಲು ಕಲಿತಳು. ಅದು ಇಂದಿಗೂ ಗುಂಡಗಾಗಿಲ್ಲ, ನನ್ನ ಬಂಗಾಲಿಯೂ ಅಷ್ಟೇ. ಸಿಂಧನೂರಿಗೆ ಹೋದಾಗಲೆಲ್ಲ ನಾನು ಮೊದಲು ಇಳಿಯುವುದು ಅವಳ ಮನೆಯ ಹತ್ತಿರವೇ, ಯಾಕೆಂದು ಕೇಳುತ್ತೀರಲ್ಲ, ಇದಕ್ಕೇ.

ಆದರೆ ಆ ದಿನದ ಕೆಲಸ ಇನ್ನೂ ಮುಗಿದಿರಲಿಲ್ಲ. ಗುಂಡು ಸಿಕ್ಕಿತ್ತು, ನನ್ನ ಅನುಮಾನ ಯಾರಿಗೂ ಗೊತ್ತಿರಲಿಲ್ಲ, ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ಕಿವಿಗೆ ಕಡ್ಡಿ ಚುಚ್ಚಿಕೊಂಡವಳು ತನ್ನದಲ್ಲದ ಬಂಗಾರ ಹೊತ್ತು ಕ್ಯಾಂಪಿನಿಂದ ಬಿಸಿಲಲ್ಲಿ ನಡೆದು ಬರುವಾಗ, ನನ್ನದೇ ತಪ್ಪು ಹೊತ್ತು ಪಕ್ಕದ ಮನೆಗೆ ಹೋಗಲು ನನಗೆ ಕಾಲು ಬಾರದಿದ್ದರೆ ಹೇಗೆ?

ಸಂಜೆ ಶರಣಮ್ಮನ ಒಲೆಯ ಮುಂದೆ ಕೂತೆ. "ನೀನ ತಗೊಂಡೀದಿ ಅನ್ಕೊಂಡಿದ್ದೆ," ಅಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನೋ ಐತಿ ಅಂತ ಗೊತ್ತಿತ್ತು," ಅಂದಳು. "ಇದು ಅಂತ ಗೊತ್ತಿದ್ದಿಲ್ಲ."

ನಾನು ಏಳಲು ಹೋದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿ, ಬಿಸಿರೊಟ್ಟಿಯ ಮೇಲೆ ಒಂದು ಹಿಡಿ ಕೆಂಪು ಖಾರ ಬಡಿದು ಮುಂದಿಟ್ಟಳು. "ಉಣ್ಣು. ಇವತ್ತೂ ಹೊಟ್ಟಿ ಸರಿ ಇಲ್ಲ ಅಂದಿ ಅಂದ್ರ ನೋಡು."

ಉಂಡೆ. ಇಬ್ಬರ ಕಣ್ಣೂ ತುಂಬಿದ್ದವು. ಖಾರ ಜಾಸ್ತಿಯಾಗಿದೆ ಎಂದು ಇಬ್ಬರೂ ಒಪ್ಪಿಕೊಂಡೆವು. ಅವಳಿನ್ನೂ ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ.